ಮೊಕ ತೋರ್ಸು

ರೂಪಳದೇ ತಪ್ಪಂತೆ. ಸತ್ತವಳದೇ ತಪ್ಪಂತೆ.

ಬಂಗಾರಪೇಟೆಯ ಆ ಆಸ್ಪತ್ರೆಯ ಆಡಳಿತಾಧಿಕಾರಿ ವಿಶ್ವನಾಥ್ ತನ್ನ ತಣ್ಣನೆ ಕೋಣೆಯಲ್ಲಿ ಕೂತು ಹಾಗಂದ. ಎದುರಿಗೆ ಇಬ್ಬರು ನಿಂತಿದ್ದರು. ಒಬ್ಬಳು ರೂಪಳ ತಾಯಿ ಅಕ್ಕಯ್ಯಮ್ಮ. ಇನ್ನೊಬ್ಬಳು ಇಂದ್ರಾಣಿ, ಅದೇ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಬಕೆಟ್ ಎತ್ತುವವಳು, ರೂಪಳಿಗೆ ಕೆಲಸ ಕಲಿಸಿದವಳು. ಕುರ್ಚಿಗಳಿದ್ದವು. ಕೂರಿ ಅನ್ನಲಿಲ್ಲ. ಇವರು ಒಳಗೆ ಕಾಲಿಟ್ಟ ಕೂಡಲೇ ಅವನು ಮಾಸ್ಕ್ ಮೂಗಿಗೆ ಏರಿಸಿದ. ಇವರೇ ತೊಳೆದ ನೆಲದ ಮೇಲೆ ಬೂಟು ಊರಿಕೊಂಡು ಕೂತವನಿಗೆ ಇವರ ಮೈ ವಾಸನೆ ಆಗಿಬರಲಿಲ್ಲ.

"ನೋಡಿಮ್ಮ, ನಮ್ಮ ಕಡೆಯಿಂದ ಏನೂ ಲೋಪ ಆಗಿಲ್ಲ," ಅಂತ ಕಂಪ್ಯೂಟರಿನ ಪರದೆಯನ್ನು ಇವರ ಕಡೆ ತಿರುಗಿಸಿದ. "ಆನ್‌ಲೈನ್ ತರಬೇತಿ. ಕಸ ಹೆಂಗೆ ಮುಟ್ಟಬೇಕು, ಸೂಜಿ ಎಲ್ಲಿ ಹಾಕಬೇಕು, ಎಲ್ಲಾ ಕನ್ನಡದಲ್ಲೇ ಹೇಳಿಕೊಟ್ಟಿದ್ದೀವಿ. ನಿಮ್ಮ ಮಗಳು ಎಲ್ಲಾ ಪಾಠ ನೋಡಿದ್ದಾಳೆ. ಪರೀಕ್ಷೆನೂ ಪಾಸಾಗಿದ್ದಾಳೆ. ಗೊತ್ತಿದ್ದೂ ಗೊತ್ತಿದ್ದೂ ಗ್ಲೌಸ್ ಹಾಕದೆ ಕೈ ಇಟ್ಟರೆ ಆಸ್ಪತ್ರೆ ಏನು ಮಾಡೋಕಾಗುತ್ತೆ?"

ಪರದೆ ಮೇಲೆ ರೂಪ ಇದ್ದಳು. ಬೆಳಗಿನ ಮುಖ. ಹಣೆಯ ಕುಂಕುಮ ಇನ್ನೂ ಕೆದರಿರಲಿಲ್ಲ, ಕಿವಿಯ ಹತ್ತಿರ ಕನಕಾಂಬರ ಇಣುಕುತ್ತಿತ್ತು. ಬಿಸಿಲಿಗೆ ಒಂದು ಕಣ್ಣು ಕಿರಿದಾಗಿತ್ತು. ಹಿಂದೆ ಆಸ್ಪತ್ರೆ ಗೇಟಿನ ಹೊಂಗೆ ಮರ. ಮುಖದ ಕೆಳಗೆ ಹಸಿರು ಅಕ್ಷರದಲ್ಲಿ 'ಉತ್ತೀರ್ಣ'.

"ನಾ ತಲ್ಲಿ, ನಾ ತಲ್ಲಿ," ಅಂದಳು ಅಕ್ಕಯ್ಯಮ್ಮ. ದುಃಖ ಬಂದರೆ ಅವಳ ಬಾಯಿಗೆ ತೆಲುಗೇ ಬರೋದು. ಮಗಳ ಕೆನ್ನೆ ಸವರಲು ಪರದೆಗೆ ಕೈ ಚಾಚಿದಳು.

"ಮುಟ್ಟಬೇಡಿ," ಅಂದ ವಿಶ್ವನಾಥ್.

ಇಂದ್ರಾಣಿ ಅಕ್ಷರ ಓದಲಿಲ್ಲ. ಹೊಂಗೆ ಮರ ನೋಡಿದಳು. ಇದು ಪರೀಕ್ಷೆಗೆ ಕೂತವಳ ಮುಖ ಅಲ್ಲ. ಇದು ಗೇಟಿನಲ್ಲಿ ಹಾಜರಿ ಕೊಟ್ಟವಳ ಮುಖ.

ಆ ಹಾಜರಿ ಏನು ಅಂತ ಹೇಳಿಬಿಡಬೇಕು. ಚಾಂಪಿಯನ್ ರೀಫ್ಸ್, ಕೋರಮಂಡಲ್ ಕಡೆಯ ಗಣಿ ಕೆಲಸಗಾರರ ಲೈನ್ ಮನೆಗಳಿಂದ ಈ ಹೆಂಗಸರು ಬೆಳಗಿನ ರೈಲು ಹತ್ತಿ ಬಂಗಾರಪೇಟೆಗೆ ಬರ್ತಾರೆ. ಅಪ್ಪಂದಿರು ಗಣಿಯಲ್ಲಿ ಚಿನ್ನ ಎತ್ತಿದರು. ಗಣಿ ಮುಚ್ಚಿತು. ಮಕ್ಕಳು ಬಕೆಟ್ ಎತ್ತುತ್ತಿದ್ದಾರೆ. ಯಾವ ಜಾತಿಯವರು ಅಂತ ಬೇರೆ ಕೇಳಬೇಕಾ? ರಕ್ತದ ಹಾಸಿಗೆ ತೊಳೆಯೋ ಕೆಲಸಕ್ಕೆ ಮೇಲಿನ ಕೇರಿಯವರು ಯಾವತ್ತು ಸಾಲು ನಿಂತಿದ್ದಾರೆ ಹೇಳಿ ನೋಡೋಣ. ಗೇಟಿನ ಹತ್ತಿರ, ಆಳು ಒದಗಿಸೋ ಏಜೆನ್ಸಿಯ ಸೂಪರ್‌ವೈಸರ್ ನಾಗೇಶ್ ಫೋನ್ ಹಿಡಿದು ನಿಂತಿರ್ತಾನೆ.

"ಮೊಕ ತೋರ್ಸು."

ಮುಖ ತೋರಿಸಬೇಕು. ಫೋನು ಟಿಂಗ್ ಅನ್ನಬೇಕು. ಟಿಂಗ್ ಅನ್ನದಿದ್ದರೆ ಅವತ್ತು ಸಾಯೋ ತನಕ ದುಡಿದರೂ ದುಡಿದಂಗಲ್ಲ. ಅದಕ್ಕೇ ಅವರು ಫೋನಿನ ಮುಂದೆ ದೇವರ ಮುಂದೆ ನಿಂತಹಾಗೆ ನಿಲ್ತಾರೆ. ಸೆರಗು ಸರಿ ಮಾಡಿಕೊಂಡು, ಬೆವರು ಒರೆಸಿಕೊಂಡು, ಉಸಿರು ಬಿಗಿ ಹಿಡಿದು.

ಯುಗಾದಿ ಕಳೆದ ಮೇಲೆ ನಾಗೇಶ್ ಎರಡು ಸಲ ಮುಖ ತೋರಿಸಿ ಅನ್ನತೊಡಗಿದ. "ಯಾಕಪ್ಪಾ ಎಲ್ಡು ಸಲ?" ಅಂತ ಇಂದ್ರಾಣಿ ಕೇಳಿದ್ದಳು.

"ಮ್ಯಾಲ್ನೋರು ಒಸಾ ಆ್ಯಪ್ ಕೊಟ್ಟವ್ರೆ ಕಣಮ್ಮೋ. ನಿನ್ ಮೊಕ ಅಷ್ಟು ಚೆಂದಾಗೈತಂತೆ, ಒಂದ್ ಸಲ ನೋಡಿದ್ರೆ ಸಾಲ್ದಂತೆ."

ಎಲ್ಲರೂ ನಕ್ಕರು. ರೂಪ ಎಲ್ಲರಿಗಿಂತ ಜೋರಾಗಿ ನಕ್ಕಳು. ಎರಡು ಟಿಂಗ್ ಆದರೆ ಹಾಜರಿ ಇನ್ನೂ ಗಟ್ಟಿ ಅಂತ ಆ ಹೆಂಗಸರು ಅಂದುಕೊಂಡರು. ಒಂದು ದಿನ ಎರಡನೆಯದು ಟಿಂಗ್ ಅನ್ನಲಿಲ್ಲ ಅಂತ ರೂಪಾನೇ ವಾರ್ಡಿನಿಂದ ಓಡಿ ಬಂದು, "ಅಣ್ಣಾ, ನಂದೊಂದು ಸರಿಯಾಗಿ ಬಿದ್ದಿಲ್ಲ, ಇನ್ನೊಂದ್ ಸಲ ತಗೊಳ್ಳಣ್ಣಾ," ಅಂತ ಗೋಗರೆದಿದ್ದಳು.

ಆ ಎರಡನೇ ಟಿಂಗೇ ತರಬೇತಿ. ಪಾಠ ತೆರೆಯೋಕೆ ಮುಖ ಬೇಕಿತ್ತು, ಪರೀಕ್ಷೆ ಮುಗಿಸೋಕೆ ಮುಖ ಬೇಕಿತ್ತು. ಮುಖ ಇವರದು, ಬೆರಳು ನಾಗೇಶನದು. ಇವರು ಒಳಗೆ ಮಂಡಿಯೂರಿ ನೆಲ ಉಜ್ಜುವಾಗ ಅವನು ಕ್ಯಾಂಟೀನಿನಲ್ಲಿ ದೋಸೆ ತಿನ್ನುತ್ತಾ, ಫೋನಿನ ದನಿ ಅಡಗಿಸಿ, ಎಲ್ಲರ ಪಾಠ ಓಡಿಸಿ ಎಲ್ಲರ ಉತ್ತರ ಒತ್ತುತ್ತಿದ್ದ.

ವಿಶ್ವನಾಥನ ಕೋಣೆಯಿಂದ ಹೊರಗೆ ಬಂದದ್ದೇ ಇಂದ್ರಾಣಿ ನಾಗೇಶನ ಅಂಗಿ ಹಿಡಿದಳು. ಅವನು ಕೊಸರಿಕೊಂಡ.

"ನನ್ನೇನ್ ಕೇಳ್ತೀಯಾ? ತಿಂಗಳೊಳಗೆ ನೂರಕ್ಕೆ ನೂರು ಮುಗೀಬೇಕು ಅಂದ್ರು. ನಿಮ್ಮನ್ನೆಲ್ಲಾ ಕೂಡ್ಸಿ ಪಾಠ ತೋರ್ಸಿದ್ರೆ ವಾರ್ಡು ನಿಮ್ಮಪ್ಪ ಗುಡಿಸ್ತಾನಾ? ನಿಮ್ಮತ್ರ ಫೋನೈತಾ? ಬಿಡುವೈತಾ? ನಾ ಮಾಡಿದ್ ಉಪ್ಕಾರ ಅದು."

ಉಪಕಾರವಂತೆ! ಅವನ ಬಾಯಿಗೆ ಮಣ್ಣು ಹಾಕ.

ಆ ಎರಡನೇ ಟಿಂಗ್ ಎಲ್ಲಾ ಮುಗಿದ ಮೇಲೆ, ರೂಪ ಕಸಕ್ಕೆ ಕೈ ಇಟ್ಟ ಆ ದಿನ ಏನಾಯಿತು ಅನ್ನೋದು ಇಂದ್ರಾಣಿಗೆ ಗೊತ್ತು. ಅವಳು ಪಕ್ಕದಲ್ಲೇ ಇದ್ದಳು. ರಬ್ಬರ್ ಗ್ಲೌಸ್ ಇರಲಿಲ್ಲ, ಯಾವತ್ತೂ ಇರಲಿಲ್ಲ. ಕ್ಯಾಂಟೀನಿನವರು ಬಿಸಾಕಿದ ಹಾಲಿನ ಕವರುಗಳನ್ನು ತೊಳೆದು, ಒಣಗಿಸಿ, ಕೈಗೆ ತೊಟ್ಟು, ಮಣಿಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿಕೊಳ್ಳೋದು ಇವರ ಪದ್ಧತಿ. ರೂಪಳಿಗೆ ಇಂದ್ರಾಣಿಯೇ ಕಲಿಸಿದ್ದಳು. "ಎಲ್ಡೆಲ್ಡು ಆಕ್ಕೋ ಅಮ್ಮಿ, ಒಂದಾದ್ರೆ ಅರಿದೋಯ್ತದೆ." ರಕ್ತದ ಕಸ ತುಂಬುವ ಹಳದಿ ಚೀಲಗಳೂ ಸಾಕಾಗುತ್ತಿರಲಿಲ್ಲ. ತುಂಬಿದ ಚೀಲಕ್ಕೇ ಇನ್ನಷ್ಟು ತುರುಕು ಅನ್ನೋರು. ತುರುಕೋದು ಹೆಂಗೆ? ಅಂಗೈಯಿಂದ ಒತ್ತಿ. ರೂಪ ಮೈಭಾರವೆಲ್ಲ ಬಿಟ್ಟು ಒತ್ತಿದಳು. ಒಳಗೆ ಯಾರೋ ಎಸೆದ ಸೂಜಿ ಇತ್ತು. ಕವರುಗಳನ್ನು ಹಾದು ಅಂಗೈಯೊಳಗೆ ಇಳಿಯಿತು.

"ಅಮ್ಮಾ!" ಅಂದಳು ರೂಪ. ಅಷ್ಟೆ. ಆಮೇಲೆ ಕೂಗಿದ್ದಕ್ಕೆ ತಾನೇ ನಾಚಿಕೊಂಡಳು.

ಇಂದ್ರಾಣಿ ಅವಳ ಕೈ ಹಿಡಿದು ರಕ್ತ ಹಿಂಡಿದಳು. ಕ್ಯಾಂಟೀನಿನಿಂದ ಕಾಫಿ ಪುಡಿ ತಂದು ಒತ್ತಿದಳು, ಸೆರಗಿನ ಅಂಚು ಹರಿದು ಕಟ್ಟಿದಳು. ಕೈ ಕೊಯ್ದುಕೊಂಡರೆ ಗಣಿಯ ಲೈನುಗಳಲ್ಲಿ ಎಲ್ಲರೂ ಮಾಡುವುದೇ ಅದು. "ಏನಾಗಲ್ಲ ಬಿಡು," ಅಂದಳು. ರೂಪ ನಾಗೇಶನಿಗೆ ಹೇಳಿದಾಗ ಅವನು, "ಸಿಸ್ಟರ್‌ಗೆ ಏಳೀಯೆ ಮತ್ತೆ, ನಾಳೆಯಿಂದ ಬರ್ಬೇಡ ಅಂತಾರೆ," ಅಂದ. ರೂಪ ಬಾಯಿ ಮುಚ್ಚಿಕೊಂಡು ಉಳಿದ ಚೀಲಗಳನ್ನು ಕಟ್ಟಿದಳು.

ಕೆಲವು ತಿಂಗಳಿಗೆ ಅವಳ ಕಣ್ಣು ಹಳದಿಯಾಯಿತು. ಕಾಮಾಲೆ ಅಂತ ನಾಟಿ ಬೇರು ಕುಡಿಸಿದರು. ಹೊಟ್ಟೆ ಊದಿತು. ಕೋಲಾರಕ್ಕೆ ಹೊತ್ತುಕೊಂಡು ಹೋಗುವಾಗ ಅವಳಿಗೆ ತಾಯಿಯ ಗುರುತೂ ಹತ್ತಲಿಲ್ಲ. ಅಲ್ಲಿನ ಡಾಕ್ಟರು, ಆಸ್ಪತ್ರೆ ಕೆಲಸದವಳಾ, ಸೂಜಿ ಚುಚ್ಚಿತ್ತಾ, ಅಂತ ಕೇಳಿದರು. ಅದೇ ವಾರ ಸತ್ತಳು. ಮದುವೆಗೆ ಹೆಣ್ಣು ನೋಡಲು ಬಂದಿದ್ದವರು ಮಣ್ಣಿಗೆ ಬಂದು ಹೋದರು.

ಆ ತಣ್ಣನೆ ಕೋಣೆಯಲ್ಲಿ ಅವತ್ತು ವಿಶ್ವನಾಥನ ಮಾತು ಅಲ್ಲಿಗೇ ಮುಗಿದಿರಲಿಲ್ಲ. ಬರುವ ಗುರುವಾರ ಪಾಠ ಕಳಿಸಿದ ಬೆಂಗಳೂರಿನವರ ಆನ್‌ಲೈನ್ ಸಭೆ ಇದೆ, ನಮ್ಮದನ್ನ ಮಾದರಿ ಆಸ್ಪತ್ರೆ ಅಂತ ತೋರಿಸ್ತಾರೆ, ಅಂದಿದ್ದ. ಸಾವಿನ ಸುದ್ದಿ ಅಲ್ಲಿಗೂ ಮುಟ್ಟಿದೆ. ಹಿರಿಯಳು ಅಂತ ಇಂದ್ರಾಣಿ ಕ್ಯಾಮೆರಾ ಮುಂದೆ ನಿಂತು ಒಂದೇ ಮಾತು ಹೇಳಬೇಕು: ನಾವು ಫೋನಿನಲ್ಲಿ ಪಾಠ ಕಲಿತೆವು, ನಮಗೆ ಗ್ಲೌಸ್ ಕೊಟ್ಟಿದ್ದಾರೆ, ರೂಪ ಹಾಕಿಕೊಳ್ಳಲಿಲ್ಲ. ಹೇಳಿದರೆ ರೂಪಳ ತಂಗಿ ಬಿಂದುಶ್ರೀಗೆ ಅದೇ ಕೆಲಸ. ಹೇಳದಿದ್ದರೆ ಆ ಮನೆಯವರು ಈ ಗೇಟಿನೊಳಗೆ ಕಾಲಿಡೋ ಹಾಗಿಲ್ಲ, ಇಂದ್ರಾಣಿಯೂ ಅಷ್ಟೆ.

ಸಂಜೆ ರೈಲಿನಲ್ಲಿ ಅಕ್ಕಯ್ಯಮ್ಮ ಇಂದ್ರಾಣಿಯ ಮಂಡಿ ಹಿಡಿದುಕೊಂಡಳು. ಡಬ್ಬಿಯ ಜನ ನೋಡುತ್ತಿದ್ದರು. ಅವಳಿಗೆ ಲಕ್ಷ್ಯವಿರಲಿಲ್ಲ.

"ಏಳ್ಬುಡು ಇಂದ್ರಾಣಿ. ತಪ್ಪು ಅವಳ್ ಮ್ಯಾಲೇ ಇರ್ಲಿ. ಮತ್ತೇನ್ ಇನ್ನೊಂದ್ ಸಲ ಸಾಯ್ತಾಳಾ ಅವಳು? ಇರೋಳ್ಗೆ ಒಂದ್ ದಾರಿ ಆಗ್ಲಿ. ನಿನ್ ಕಾಲಿಗ್ ಬೀಳ್ತೀನಿ."

"ಬಿಂದೂಗೂ ಅದೇ ಬಕೆಟ್ಟಾ ಅಕ್ಕಯ್ಯ?"

"ಬಕೆಟ್ಟಾದ್ರೂ ಆಗ್ಲಿ. ಅನ್ನ ಬೇಕಲ್ಲಾ."

ಅನ್ನ ಬೇಕು ಅನ್ನೋದು ಸುಳ್ಳಾ? ಅಕ್ಕಯ್ಯಮ್ಮ ಕೋರಮಂಡಲಿನಲ್ಲಿ ಇಳಿದು ಹೋದಳು. ಮುಂದೆ, ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ಗುಡ್ಡದ ಧೂಳು ಕಿಟಕಿಯಿಂದ ಒಳಗೆ ಬಂತು. ಚಾಂಪಿಯನ್ ರೀಫ್ಸಿನಲ್ಲಿ ಗಣಿಗೆ ಇಳಿಯುವ ಶಾಫ್ಟಿನ ಕಬ್ಬಿಣದ ಗೋಪುರ ತುಕ್ಕು ಹಿಡಿದು ನಿಂತಿತ್ತು. ಇಂದ್ರಾಣಿಗೆ ಅಪ್ಪನ ಕಾಲದ ಒಂದು ಕಟ್ಟಳೆ ನೆನಪಾಯಿತು. ಕೆಳಗೆ ಬಂಡೆ ಸಿಡಿದು ಒಬ್ಬ ಸತ್ತರೆ ಮುಂದಿನ ಪಾಳಿಯವರು ಇಳಿಯುತ್ತಿರಲಿಲ್ಲ. ಶಾಫ್ಟಿನ ಬಾಯಿಯಲ್ಲಿ ಟೋಪಿ ತೆಗೆದು ಸುಮ್ಮನೆ ನಿಲ್ಲುತ್ತಿದ್ದರು. ಆಳುಗಳನ್ನು ಇಳಿಸುವ ಕೇಜು ಖಾಲಿ ಇಳಿಯುತ್ತಿತ್ತು, ಖಾಲಿ ಬರುತ್ತಿತ್ತು. ಸಾಹೇಬರು ಎಷ್ಟು ಕಿರುಚಿದರೂ ಅಷ್ಟೆ. ಯಾಕೆ ಸತ್ತ ಅಂತ ಹೇಳಿ, ಆಮೇಲೆ ಇಳೀತೀವಿ, ಅನ್ನೋರು. ಅಪ್ಪ ಹೀಗೆ ನಿಂತು ನಿಂತು ಬಂದು, ಅವತ್ತು ರಾತ್ರಿ ಊಟ ಮಾಡದೆ ಮಲಗುತ್ತಿದ್ದ.

ಆದರೂ ಇಂದ್ರಾಣಿ ಸುಳ್ಳು ಹೇಳೋದು ಅಂತಲೇ ತೀರ್ಮಾನ ಮಾಡಿದಳು. ಬಿಂದುಶ್ರೀಯ ಹಸಿದ ಮುಖ ಕಣ್ಣ ಮುಂದೆ ಇತ್ತು. ಆದರೆ ಏನು ಹೇಳೋದು? ಕಲಿತೆ ಅನ್ನಬೇಕು. ಏನು ಕಲಿತೆ ಅಂತ ಕೇಳಿದರೆ?

ಬುಧವಾರ ಮಧ್ಯಾಹ್ನ ಬಟ್ಟೆ ಕೋಣೆಯಲ್ಲಿ ನರ್ಸ್ ಶಶಿರೇಖಳನ್ನು ಹಿಡಿದಳು. ಶಶಿರೇಖ ಬೂದಿಕೋಟೆಯ ಒಕ್ಕಲು ಮನೆಯ ಹುಡುಗಿ, ಬೆಳಗ್ಗೆ ಹಸು ಕರೆದು ಡೇರಿಗೆ ಹಾಲು ಹಾಕಿ ಬಸ್ಸು ಹತ್ತುವವಳು. ಒಳ್ಳೆಯವಳು, ಹೆದರುಪುಕ್ಕಿ.

"ನಾನು ಕಲ್ತೆ ಅಂತ ಏಳ್ಬೇಕಂತೆ. ಏನ್ ಕಲ್ತೆ ಅಂತಾದ್ರೂ ಒಂದ್ ಸಲ ತೋರ್ಸಮ್ಮ."

ಶಶಿರೇಖ ಬಾಗಿಲು ಮುಂದೆ ಮಾಡಿ ಫೋನು ತೆರೆದಳು. ಚಿತ್ರದಲ್ಲೊಬ್ಬ ಹೆಂಗಸು. ಮೊಣಕೈ ತನಕ ದಪ್ಪ ಗ್ಲೌಸ್, ಮಂಡಿ ತನಕ ಬೂಟು. ಜೇನಿನಂಥ ದನಿಯೊಂದು ಪುಸ್ತಕದ ಕನ್ನಡದಲ್ಲಿ ಮಾತಾಡತೊಡಗಿತು.

"ತ್ಯಾಜ್ಯದ ಚೀಲವನ್ನು ಎಂದಿಗೂ ಕೈಯಿಂದ ಒತ್ತಬೇಡಿ. ಸೂಜಿ ಚುಚ್ಚಿದರೆ ಗಾಬರಿಯಾಗಬೇಡಿ. ಗಾಯವನ್ನು ಹಿಂಡಬೇಡಿ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆಯಿರಿ. ತಕ್ಷಣ ವೈದ್ಯರಿಗೆ ತಿಳಿಸಿ. ಅದೇ ದಿನ ಲಸಿಕೆ ಪಡೆದರೆ ಕಾಮಾಲೆಯ ಅಪಾಯವನ್ನು ಬಹುಮಟ್ಟಿಗೆ ತಪ್ಪಿಸಬಹುದು. ಕೆಲಸಕ್ಕೆ ಸೇರುವಾಗಲೇ ಈ ಲಸಿಕೆ ಪಡೆಯುವುದು ನಿಮ್ಮ ಹಕ್ಕು."

ಇಂದ್ರಾಣಿ ಫೋನಿನ ಹತ್ತಿರ ಬಾಗಿದಳು.

"ಇನ್ನೊಂದ್ ಸಲ ಆಕು."

ಶಶಿರೇಖ ಇನ್ನೊಂದು ಸಲ ಹಾಕಿದಳು. ಹಿಂಡಬೇಡಿ ಅಂತು ಫೋನು. ಇಂದ್ರಾಣಿ ತನ್ನ ಬೆರಳುಗಳನ್ನು ನೋಡಿಕೊಂಡಳು. ಹಿಂಡಿದ ಬೆರಳು. ಕಾಫಿ ಪುಡಿ ಒತ್ತಿದ ಬೆರಳು.

"ಆ ಲಸಿಕೆ ಎಲ್ಲಿ ಸಿಗ್ತದಮ್ಮ? ಬೆಂಗ್ಳೂರಾ?"

ಶಶಿರೇಖ ನೆಲ ನೋಡಿದಳು. "ನಮ್ ಫ್ರಿಜ್ಜಲ್ಲೇ ಇರ್ತದೆ."

"ಅವತ್ತೂ ಇತ್ತಾ?"

"ಇತ್ತು ಇಂದ್ರಾಣಮ್ಮ."

ರೂಪಳಿಗೆ ಸೂಜಿ ಚುಚ್ಚಿದ ಜಾಗದಿಂದ ಆ ಫ್ರಿಜ್ಜಿಗೆ ಒಂದು ಗೋಡೆ ಅಡ್ಡ. ಆ ಗೋಡೆಯನ್ನು ದಿನಾ ಒರೆಸುತ್ತಿದ್ದವಳೂ ರೂಪಾನೇ.

ಇಂದ್ರಾಣಿ ಒಗೆಯೋ ಬಟ್ಟೆಯ ರಾಶಿಯ ಮೇಲೆ ಕುಸಿದು ಕೂತು, ಒಂದು ಹೊಲಸು ಬೆಡ್‌ಶೀಟ್ ಬಾಯಿಗೆ ತುರುಕಿಕೊಂಡು ಅತ್ತಳು. ಪಾಠ ಕೆಟ್ಟದಾಗಿದ್ದಿದ್ದರೆ ಇಷ್ಟು ಹೊಟ್ಟೆ ಉರೀತಿರಲಿಲ್ಲ. ಪಾಠ ಚೆನ್ನಾಗಿತ್ತು. ಯಾರೋ ಪುಣ್ಯಾತ್ಮರು ಕಷ್ಟಪಟ್ಟು, ಇಂಥವರಿಗೇ ಅಂತ, ತಿಳಿಯೋ ಹಂಗೆ ಮಾಡಿ ಕಳಿಸಿದ್ದರು. ಅದು ಕ್ಯಾಂಟೀನಿನ ದೋಸೆ ತಟ್ಟೆಯ ಪಕ್ಕದಲ್ಲಿ, ದನಿಯಿಲ್ಲದೆ, ಯಾರೂ ನೋಡದೆ ಓಡಿ ಮುಗಿದಿತ್ತು. ರೂಪಳ ಮುಖ ಅದಕ್ಕೆ ಬೀಗದ ಕೈ ಆಗಿತ್ತು. ಬಾಗಿಲು ತೆರೆಸಿಕೊಂಡರು, ಅವಳನ್ನು ಹೊರಗೇ ನಿಲ್ಲಿಸಿದರು.

ಗುರುವಾರ ಹಾಲ್ ಸಿಂಗಾರ ಆಗಿತ್ತು. ಗೋಡೆಯ ಮೇಲೆ ದೊಡ್ಡ ಪರದೆ, ಪರದೆ ತುಂಬ ಚೌಕಗಳು, ಚೌಕಕ್ಕೊಂದು ಊರಿನ ಆಸ್ಪತ್ರೆ. ಹೆಂಗಸರನ್ನೆಲ್ಲ ಗೋಡೆಗೆ ಸಾಲಾಗಿ ನಿಲ್ಲಿಸಿದ್ದರು. ಎಲ್ಲರಿಗೂ ಹೊಸ ಕೆಂಪು ಗ್ಲೌಸ್, ಹೊಸ ಬೂಟು. ಸಂಜೆ ವಾಪಸ್ಸು ಕೊಡಬೇಕು, ಕೊಳೆ ಮಾಡಬೇಡಿ, ಅಂತ ನಾಗೇಶ್ ಮೊದಲೇ ಗದರಿದ್ದ. ಬೂಟು ಗಂಡಸರ ಅಳತೆಯದು. ಇಂದ್ರಾಣಿ ಕಾಲೆಳೆದುಕೊಂಡು ಕ್ಯಾಮೆರಾ ಮುಂದೆ ಬಂದಳು. ವಿಶ್ವನಾಥ್ ಪಕ್ಕದಲ್ಲಿ ನಿಂತು ಮುಗುಳ್ನಕ್ಕ. ಅವತ್ತು ಅವನಿಗೆ ಮಾಸ್ಕ್ ಬೇಕಾಗಲಿಲ್ಲ.

"ಹೇಳಿ ಅಮ್ಮಾ," ಅಂದಳು ಬೆಂಗಳೂರಿನ ಮೇಡಂ ಪರದೆಯಿಂದ. "ತರಬೇತಿಯಿಂದ ನಿಮಗೆ ಏನು ಅನುಕೂಲ ಆಯ್ತು?"

ಇಂದ್ರಾಣಿ ಗ್ಲೌಸ್ ಕಿತ್ತಳು. ಒಂದು ಕೈಯದು, ಆಮೇಲೆ ಇನ್ನೊಂದು. ಮೇಜಿನ ಮೇಲಿಟ್ಟಳು. ಸೊಂಟದಿಂದ ಹಾಲಿನ ಕವರು ತೆಗೆದು ಕೈಗೆ ತೊಟ್ಟು, ರಬ್ಬರ್ ಬ್ಯಾಂಡ್ ಹಾಕಿ, ಕ್ಯಾಮೆರಾಗೆ ಹಿಡಿದಳು.

"ಇದು ನಮ್ ಗ್ಲೌಸು ಮೇಡಂ. ರೂಪ ಹಾಕಿದ್ದೂ ಇದೇ. ಆ ಕೆಂಪು ಗ್ಲೌಸು ಇವತ್ತು ಬೆಳಿಗ್ಗೆ ಬಂದಿದ್ದು, ಸಂಜೆ ಓಯ್ತದೆ."

"ಇಂದ್ರಾಣೀ," ಅಂದ ವಿಶ್ವನಾಥ್, ಮೆಲ್ಲಗೆ.

"ನಾವ್ಯಾರೂ ಪಾಠ ನೋಡಿಲ್ಲ. ನಾ ನೋಡಿದ್ದು ನೆನ್ನೆ, ಅವಳನ್ನ ಮಣ್ಣು ಮಾಡಿದ್ ಮ್ಯಾಲೆ. ನಮ್ಮ ಮೊಕ ಇಸ್ಕೊಂಡು ಪರೀಕ್ಷೆ ಇವ್ರೇ ಬರ್ಕೊಂಡ್ರು. ನಿಮ್ ಪಾಠ ಒಂದ್ ಸಲ, ಒಂದೇ ಒಂದ್ ಸಲ ಆ ಉಡ್ಗಿಗೆ ತೋರ್ಸಿದ್ರೆ ಬದುಕ್ತಿದ್ಲು. ಮದ್ದು ಪಕ್ಕದ್ ರೂಮಲ್ಲಿತ್ತು. ಅವಳ ತಪ್ಪಲ್ಲ ಮೇಡಂ! ಅವಳ ತಪ್ಪಲ್ಲ! ಕೊಂದಿದ್ದು..."

ಅಷ್ಟರಲ್ಲಿ ಪರದೆಯ ಮೇಲೆ ಅವಳ ಬಾಯಿ ಮಾತ್ರ ಆಡುತ್ತಿತ್ತು. ದನಿ ಇರಲಿಲ್ಲ. ನಾಗೇಶನಿಗೆ ದನಿ ಅಡಗಿಸೋದು ಚೆನ್ನಾಗಿ ಗೊತ್ತು. ಆಮೇಲೆ ಚೌಕವೂ ಕಪ್ಪಾಯಿತು. "ಬಂಗಾರಪೇಟೆಯ ಸಂಪರ್ಕ ಹೋಗಿದೆ ಅನ್ಸುತ್ತೆ, ಮುಂದಿನ ಆಸ್ಪತ್ರೆಯವರು," ಅಂದಳು ಮೇಡಂ.

"ಆಚೆ ಹಾಕ್ರೋ ಇವಳನ್ನ!" ವಿಶ್ವನಾಥ್ ಕಿರುಚಿದ. "ಕಸ ಬಾಚೋಳಿಗೆ ಎಷ್ಟು ಕೊಬ್ಬು!"

"ಪೋದುಂ. ಸಾಕು," ಅಂದಳು ಇಂದ್ರಾಣಿ. ಬೂಟು ಕಳಚಿ ಅಲ್ಲೇ ಬಿಟ್ಟಳು. ಗೋಡೆಗೆ ನಿಂತ ಹೆಂಗಸರ ಕಡೆ ತಿರುಗಿದಳು. "ನಮ್ಮಪ್ಪಂದ್ರು ಎಣ ಬಿದ್ದಾಗ ಕೇಜ್ ಹತ್ತಲಿಲ್ಲ. ನಾನಿವತ್ತು ಬಕೆಟ್ ಎತ್ತಲ್ಲ. ನಿಮ್ಮಿಷ್ಟ."

ಒಬ್ಬಳು ಗ್ಲೌಸ್ ಬಿಚ್ಚಿದಳು. ಇನ್ನೊಬ್ಬಳು. ಬೂಟುಗಳು ನೆಲಕ್ಕೆ ಬಿದ್ದ ಸದ್ದು. ಗಂಡ ಹಾಸಿಗೆ ಹಿಡಿದಿದ್ದ ಮುನಿನಾರಾಯಣಮ್ಮ ಮಾತ್ರ ಗ್ಲೌಸಿನ ಕೈಯನ್ನು ಹೊಟ್ಟೆಗೆ ಒತ್ತಿಕೊಂಡು, ತಲೆ ತಗ್ಗಿಸಿ ಅಲ್ಲೇ ನಿಂತಳು. ಇಂದ್ರಾಣಿ ಅವಳ ಭುಜ ಮುಟ್ಟಿ ಮುಂದೆ ಹೋದಳು. ಬೈಯಲಿಲ್ಲ.

ಹೆರಿಗೆ ವಾರ್ಡಿನಲ್ಲಿ ಬಕೆಟ್ಟುಗಳು ತುಂಬಿ ಹಾಗೇ ಕೂತಿದ್ದವು. ನೊಣ ಬಂದವು. ಹೊಸ ಬಾಣಂತಿಯೊಬ್ಬಳು ವಾಸನೆಗೆ ವಾಂತಿ ಮಾಡಿಕೊಂಡಳು. ಅವಳೂ ಬಡವಳೇ. ಅದು ಇಂದ್ರಾಣಿಗೆ ಗೊತ್ತಿತ್ತು. ಆದರೂ ನಿಲ್ಲಲಿಲ್ಲ.

ಗೇಟಿನಲ್ಲಿ ಅಕ್ಕಯ್ಯಮ್ಮ ನಿಂತಿದ್ದಳು. ಪಕ್ಕದಲ್ಲಿ ಬಿಂದುಶ್ರೀ, ಅಕ್ಕನ ಚೂಡಿದಾರ ತೊಟ್ಟು, ತಲೆ ಬಾಚಿ, ಕೆಲಸಕ್ಕೆ ಸೇರಲು ಬಂದಿದ್ದಳು. ಬರಿಗಾಲಲ್ಲಿ ಹೊರಗೆ ಬರುತ್ತಿದ್ದ ಹೆಂಗಸರನ್ನು ಕಂಡು ಅಕ್ಕಯ್ಯಮ್ಮನಿಗೆ ಎಲ್ಲಾ ಅರ್ಥವಾಯಿತು.

"ಮನೆ ಆಳು ಮಾಡ್ದಲ್ಲೇ ಇಂದ್ರಾಣೀ!" ಅಂತ ಎದೆ ಬಡಿದುಕೊಂಡಳು. "ಒಂದ್ ಮಾತು! ಒಂದ್ ಮಾತು ಏಳಕ್ಕೆ ನಿಂಗೇನ್ ಬಂದಿತ್ತು ರೋಗ!"

ಇಂದ್ರಾಣಿ ಬಾಯಿ ತೆರೆಯುವ ಮೊದಲೇ ನಾಗೇಶ್ ಓಡಿ ಬಂದ. ಬೆವರಿನಲ್ಲಿ ತೊಯ್ದಿದ್ದ. ಬೇರೆ ಊರಿಂದ ಆಳು ತರಿಸಬೇಕು, ಅವರು ಬರೋದು ನಾಳೆ. ಬಕೆಟ್ಟು ಈಗ ಎತ್ತಬೇಕು.

"ಬಾರಮ್ಮಾ ಬಿಂದು, ಇವರ ಮಾತು ಕೇಳ್ಬೇಡ. ಕೆಲ್ಸ ನಿಂದೇ. ಈಗ್ಲೇ." ಅಂಗಿಯ ಜೇಬಿನಿಂದ ಫೋನು ತೆಗೆದ. "ಇಲ್ ನೋಡು. ಮೊಕ ತೋರ್ಸು. ಎಲ್ಡು ಸಲ."

ಅದೇ ಗೇಟು. ಅದೇ ಹೊಂಗೆ ಮರ. ಬಿಂದುಶ್ರೀ ಅಕ್ಕನ ಹಾಗೇ ಮುಂಗುರುಳು ಸರಿ ಮಾಡಿಕೊಂಡು, ಬಿಸಿಲಿಗೆ ಒಂದು ಕಣ್ಣು ಕಿರಿದು ಮಾಡಿ ಫೋನಿನ ಮುಂದೆ ನಿಂತಳು.

"ಅಕ್ಕಯ್ಯ," ಅಂದಳು ಇಂದ್ರಾಣಿ. ದನಿ ಏರಿಸಲಿಲ್ಲ. "ಆವತ್ತು ಸಾಹೇಬ್ರ ರೂಮಲ್ಲಿ ರೂಪನ್ನ ನೋಡಿದ್ಯಲ್ಲಾ. ಆ ಪಟ ತೆಗ್ದಿದ್ದು ಇಲ್ಲೇ. ಇದೇ ಫೋನಲ್ಲಿ. ಅದ್ರಲ್ಲೇ ಅವಳು ಪಾಸಾಗಿದ್ದು."

ಅಕ್ಕಯ್ಯಮ್ಮ ಫೋನು ನೋಡಿದಳು. ಮರ ನೋಡಿದಳು. ಮಗಳ ಕಿರಿದಾದ ಕಣ್ಣು ನೋಡಿದಳು. ನಾಗೇಶ್ ಫೋನನ್ನು ಇನ್ನೂ ಹತ್ತಿರ ತಂದ.

ಅಕ್ಕಯ್ಯಮ್ಮ ತನ್ನ ಸೆರಗು ಎಳೆದು ಬಿಂದುಶ್ರೀಯ ಮುಖದ ಮೇಲೆ ಹಾಕಿದಳು. ಎರಡೂ ಕೈಯಿಂದ ಆ ತಲೆಯನ್ನು ತನ್ನ ಎದೆಗೆ ಅವುಚಿಕೊಂಡಳು. "ವದ್ದು," ಅಂದಳು. "ವದ್ದು, ವದ್ದು. ಬ್ಯಾಡ, ಇದೊಂದನ್ನ ಕೊಡಲ್ಲ."

ಟಿಂಗ್ ಅನ್ನಲಿಲ್ಲ. ಪಾಠ ಹೇಳಿದ ಅದೇ ಜೇನಿನಂಥ ದನಿ ಫೋನಿನಿಂದ ಬಂತು.

"ಮುಖ ಕಾಣಿಸುತ್ತಿಲ್ಲ. ದಯವಿಟ್ಟು ಮತ್ತೆ ಪ್ರಯತ್ನಿಸಿ."

ನಾಗೇಶ್ ಮತ್ತೆ ಹಿಡಿದ. ಅದು ಮತ್ತೆ ಹಾಗೇ ಅಂತು. ಹೆಂಗಸರು ಒಬ್ಬೊಬ್ಬರಾಗಿ ಬಂದು ಅಕ್ಕಯ್ಯಮ್ಮನ ಸುತ್ತ ನಿಂತರು. ಯಾರೂ ಅವನಿಗೆ ಮುಖ ತೋರಿಸಲಿಲ್ಲ.